ಪದ ಬದಲಾಯಿಸಬೇಡಿ

ನನ್ನ ಮಗಳಿಗೆ ಆಗಿನ್ನೂ ನಾಲ್ಕು ತುಂಬಿರಲಿಲ್ಲ. ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಒಂದು ಭಾನುವಾರ ಬೆಳಿಗ್ಗೆ ದೋಸೆಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದವಳು, “ಬೆ... ಬೆ... ಬೆ... ಬೆಲ್ಲ ಹಾಕು” ಅಂದಳು. ಏನೂ ಆಗಿಲ್ಲವೆಂಬಂತೆ ತಟ್ಟೆಯನ್ನು ಮುಂದೆ ಚಾಚಿದಳು.

ಹೆಂಡತಿಯ ಕೈಯಲ್ಲಿದ್ದ ಸೌಟು ಕಾವಲಿಯ ಮೇಲೆ ಹಾಗೇ ನಿಂತಿತು. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು. ದೋಸೆ ಸೀದ ವಾಸನೆ ಮನೆಯೆಲ್ಲ ಹಬ್ಬಿತು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತೇ ಇದ್ದೆ.

ಎಳೆ ಮಕ್ಕಳು ಮಾತು ಕಲಿಯುವಾಗ ಎಡವುತ್ತಾರೆ, ಅಷ್ಟೇ, ಎಂದು ಆ ವಾರವೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಮುಂದಿನ ವಾರ ಅವಳು ‘ಅಮ್ಮ’ ಅನ್ನಲು ಹೋಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಗಲ್ಲ ಒಂದು ಕಡೆಗೆ ಎಳೆದುಕೊಂಡಿತು. ಕಾಲನ್ನು ನೆಲಕ್ಕೆ ಒದ್ದಳು. ಒದ್ದ ಮೇಲೆ ಮಾತು ಬಂತು. ಆ ಕಾಲು ಒದೆಯುವುದು ನನಗೆ ಗೊತ್ತಿತ್ತು. ಹೆಮ್ಮರಗಾಲದ ಶಾಲೆಯಲ್ಲಿ ಹಾಜರಿ ಕರೆಯುವಾಗ ಬೆಂಚಿನ ಕೆಳಗೆ ನಾನೂ ಹಾಗೇ ಒದೆಯುತ್ತಿದ್ದೆ.

ನಾನು ಹುಟ್ಟಾ ತೊದಲ. ಊರಲ್ಲಿ ನನ್ನವ್ವ ಬಜೆ ಬೇರು ತೇಯ್ದು ನಾಲಗೆಗೆ ತಿಕ್ಕಿದಳು. ಯಾರೋ ಹೇಳಿದರೆಂದು ಅಪ್ಪ ನನ್ನ ಬಾಯಲ್ಲಿ ಹುಣಸೆ ಬೀಜ ಇಟ್ಟು ಓದಿಸಿದ. ನಂಜುಂಡನಿಗೆ ಬೆಳ್ಳಿಯ ನಾಲಗೆ ಹರಕೆ ಹೊತ್ತು ಒಪ್ಪಿಸಿದ್ದೂ ಆಯಿತು. ಅವರು ಪ್ರೀತಿಯಿಂದಲೇ ಮಾಡಿದರು, ನನ್ನ ನಾಲಗೆ ಮಾತ್ರ ಹಾಗೇ ಉಳಿಯಿತು. ದೊಡ್ಡವನಾಗುತ್ತ ನಾನೊಂದು ಉಪಾಯ ಕಲಿತೆ. ಬರದ ಪದವನ್ನು ಬಿಟ್ಟು ಬರುವ ಪದವನ್ನು ಹೇಳುವುದು. ಮಾತಾಡುವಾಗ ನನ್ನ ತಲೆ ಎರಡು ಮೂರು ಪದ ಮುಂದೆ ಓಡುತ್ತಿತ್ತು, ಎಲ್ಲಿ ಗುಂಡಿ ಇದೆ ಎಂದು ನೋಡಿಕೊಂಡು ಪಕ್ಕದ ದಾರಿ ಹಿಡಿಯುತ್ತಿತ್ತು. ‘ನ’ ನನಗೆ ಬಹಳ ಕಷ್ಟದ ಅಕ್ಷರ. ನಾನಿರುವುದು ನಂಜನಗೂಡು, ಕೆಲಸ ಮಾಡುವುದು ನರಸೀಪುರ. ಬಸ್ಸಿನಲ್ಲಿ ಕಂಡಕ್ಟರ್ ಎದುರು ಬಂದಾಗ ‘ಲಾಸ್ಟ್ ಸ್ಟಾಪ್’ ಅನ್ನುತ್ತಿದ್ದೆ. ಬಸ್ಸು ಕೊಳ್ಳೇಗಾಲದ್ದಾದರೆ ಕೊಳ್ಳೇಗಾಲಕ್ಕೇ ಟಿಕೆಟ್ ತೆಗೆದುಕೊಂಡು ನರಸೀಪುರದಲ್ಲಿ ಇಳಿಯುತ್ತಿದ್ದೆ.

ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವುದು ನನ್ನ ಕೆಲಸ. ಮಾತಾಡಲು ಬಾರದವನು ಮಾತಿನ ಕೆಲಸಕ್ಕೆ ಯಾಕೆ ಹೋದ ಎಂದು ಕೇಳಿದವರಿದ್ದಾರೆ. ಓದಿದ್ದು ಅದೇ, ಇಷ್ಟವಾದದ್ದೂ ಅದೇ. ಬೋರ್ಡಿನ ಮೇಲೆ ತುಂಬ ಬರೆಯುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನಂತೆ ಮಾತಾಡಿ ನಗುತ್ತಿದ್ದರು. ಹೇಗೋ ದಿನ ಹೋಗುತ್ತಿತ್ತು.

ಮಗಳ ವಿಷಯ ಕೇಳಿ ತಗಡೂರಿನಿಂದ ಅತ್ತೆ ಬಂದರು. ಒಂದು ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡಿದರು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು ದನಿ ತಗ್ಗಿಸಿ ಹೇಳಿದರು:

“ಬ್ಯಾಸ್ರ ಮಾಡ್ಕಬ್ಯಾಡಿ ಕಣಪ್ಪ. ಮಗ ನಿಮ್ಮನ್ನ ನೋಡಿ ನೋಡಿ ಕಲ್ತ್ಕಂಡದೆ. ಒಸಿ ದಿನ ಅದ್ರ ಮುಂದ್ಗಡೆ ಮಾತಾಡ್ಬ್ಯಾಡಿ. ಮರ್ತೋಯ್ತದೆ.”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವಂತಿತ್ತು. ನಾನು ತಲೆಯಾಡಿಸಿದೆ. ಒಳಗೆ ಬಂದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. “ಅಮ್ಮ ಹೇಳಿದ್ದಕ್ಕೆ ಒಪ್ಕೋಬೇಕು ಅಂತೇನಿಲ್ಲ” ಅಂದಳು. ಒಪ್ಪಬೇಡಿ ಎಂದೂ ಅನ್ನಲಿಲ್ಲ.

ಅವತ್ತಿನಿಂದ ನಾನು ಮಗಳ ಮುಂದೆ ಬಾಯಿ ತೆರೆಯುವುದನ್ನು ಬಿಟ್ಟೆ. ಸನ್ನೆ ಮಾಡುತ್ತಿದ್ದೆ, ನಗುತ್ತಿದ್ದೆ, ಎತ್ತಿಕೊಂಡು ರೈಲು ತೋರಿಸುತ್ತಿದ್ದೆ. ಅವಳು “ಅದು ಎಲ್ಲಿಗೋಗ್ತದೆ?” ಅಂತ ಕೇಳಿದರೆ ಮೈಸೂರಿನ ಕಡೆ ಕೈ ತೋರಿಸುತ್ತಿದ್ದೆ. ಮೊದಮೊದಲು ಇದೊಂದು ಆಟವೆಂದುಕೊಂಡು ಅವಳೂ ಕೈ ತೋರಿಸಿದಳು. ಆಮೇಲೆ ಒಂದು ಸಂಜೆ ಅಮ್ಮನ ಹತ್ತಿರ ಹೋಗಿ, “ಅ... ಅಪ್ಪಂಗೆ ಬಾಯಿ ನೋವಾ?” ಎಂದು ಕೇಳಿದ್ದು ನನಗೆ ಕೇಳಿಸಿತು. ಹೆಂಡತಿ ಹೌದು ಅಂದಳು. ಮಗಳು ಬಂದು ನನ್ನ ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೀರು ಬಿಟ್ಟು ನಿಂತೆ.

ತೊದಲು ಮಾತ್ರ ಕಡಿಮೆಯಾಗಲಿಲ್ಲ. ಜಾಸ್ತಿಯೇ ಆಯಿತು.

ಆ ದಿನಗಳಲ್ಲಿ ನಾನು ಹುಚ್ಚನಂತೆ ಗೆದ್ದವರ ಮಾತು ಕೇಳತೊಡಗಿದೆ. ಬಸ್ಸು ಹತ್ತಿದ ಕೂಡಲೇ ಕಿವಿಗೆ ಇಯರ್‌ಫೋನ್. ಕೋಟ್ಯಧಿಪತಿಗಳು, ಆಟಗಾರರು, ದೊಡ್ಡ ಹುದ್ದೆಯವರು, ಕಂಪನಿ ಕಟ್ಟಿದವರು. ಬೆಳಿಗ್ಗೆ ಬೇಗ ಏಳು, ತಣ್ಣೀರು ಸ್ನಾನ ಮಾಡು, ಗುರಿಯನ್ನು ಕಣ್ಣ ಮುಂದೆ ತಂದುಕೋ, ಸೋಲೆಂಬ ಪದವನ್ನು ಮರೆತುಬಿಡು. ಎಲ್ಲವನ್ನೂ ಮಾಡಿದೆ. ಕಬಿನಿಯ ಕಾಲುವೆಯ ಪಕ್ಕ ಓಡಿದೆ. ಕನ್ನಡಿಯ ಮುಂದೆ ನಿಂತು “ನಾನು ನಿರರ್ಗಳವಾಗಿ ಮಾತಾಡುತ್ತೇನೆ” ಎಂದು ದಿನಾ ಹೇಳಿಕೊಂಡೆ. ಒಬ್ಬನೇ ಇದ್ದಾಗ ತೊದಲನಿಗೂ ತೊದಲು ಬರುವುದಿಲ್ಲ, ಹಾಗಾಗಿ ಕನ್ನಡಿಯ ಮುಂದೆ ನಾನು ಬಹಳ ಚೆನ್ನಾಗಿ ಮಾತಾಡುತ್ತಿದ್ದೆ. ಬಾಗಿಲು ತೆರೆದು ಹೊರಬಂದರೆ ಹಾಲಿನವನಿಗೆ ‘ನಾಳೆ ಬೇಡ’ ಅನ್ನಲು ಆಗುತ್ತಿರಲಿಲ್ಲ.

ನಂಜನಗೂಡಿನ ಕಲ್ಯಾಣ ಮಂಟಪವೊಂದರಲ್ಲಿ ಯಶಸ್ವಿಗಳ ಮನೋಭಾವ ಕಲಿಸುವ ಶಿಬಿರ ಇದೆಯೆಂದು ಗೋಡೆಯ ಮೇಲೆ ಪೋಸ್ಟರ್ ಕಂಡಿತು. ಹೋದೆ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಕಟ್ಟುಮಸ್ತಾದ ಆಳು, ಬಿಳಿ ಕೋಟು, ಕಿವಿಗೆ ಸಿಕ್ಕಿಸಿದ ಮೈಕು. ಅವರ ಮಾತು ಒಂದು ಕಡೆಯೂ ನಿಲ್ಲದೆ ಹರಿಯುತ್ತಿತ್ತು. ಅದನ್ನು ಕೇಳುತ್ತ ನನಗೆ ಹಸಿದವನು ಹೋಟೆಲಿನ ಮುಂದೆ ನಿಂತಂತಾಯಿತು. ನಡುವೆ, “ಜೀವನದಲ್ಲಿ ಭಯ ಇರೋರು ಯಾರು? ಧೈರ್ಯವಾಗಿ ಕೈಯೆತ್ತಿ!” ಅಂದರು. ನನ್ನ ಕೈ ತಾನಾಗಿ ಎದ್ದಿತು.

ವೇದಿಕೆಗೆ ಕರೆದರು. ಮೈಕನ್ನು ನನ್ನ ಬಾಯಿಗೆ ಹಿಡಿದು, “ನಿಮ್ಮ ಹೆಸರನ್ನ ಹುಲಿ ಥರ ಗರ್ಜಿಸಿ ಹೇಳಿ” ಅಂದರು.

ತೊದಲುವವರಿಗೆಲ್ಲ ಗೊತ್ತು, ತಮ್ಮ ಹೆಸರೊಂದೇ ಬದಲಾಯಿಸಲಾಗದ ಪದ. ಬಾಯಿ ತೆರೆದುಕೊಂಡೇ ಇತ್ತು. ಸದ್ದು ಹೊರಡಲಿಲ್ಲ. ಅವರು ಸಭೆಗೆ, “ಚಪ್ಪಾಳೆ ಹೊಡೆದು ಶಕ್ತಿ ಕೊಡಿ!” ಅಂದರು. ಇಡೀ ಮಂಟಪ ತಾಳ ಹಾಕಿ ಚಪ್ಪಾಳೆ ಹೊಡೆಯಿತು. ಆ ತಾಳಕ್ಕೆ ನನ್ನ ತಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಕೊನೆಗೆ ಹೆಸರು ಹೇಳದೆಯೇ ಕೆಳಗಿಳಿದೆ. “ಭಯ ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತೆ ನೋಡಿದಿರಲ್ಲ?” ಎಂದು ಅವರು ಭಾಷಣ ಮುಂದುವರಿಸಿದರು.

ಊಟದ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿದ್ದಾಗ ಅವರೇ ಹತ್ತಿರ ಬಂದರು. ಮೈಕಿಲ್ಲದೆ ಸಣ್ಣವರಾಗಿ ಕಂಡರು. “ಸಾರಿ ಸರ್. ನನಗೆ ಗೊತ್ತಾಗಲಿಲ್ಲ” ಅಂದರು. ಆಮೇಲೆ ಅತ್ತಿತ್ತ ನೋಡಿ, “ಒಂದ್ ಮಾತು ಹೇಳ್ತೀನಿ, ಇದನ್ನ ನಾನು ಸ್ಟೇಜ್ ಮೇಲೆ ಹೇಳಲ್ಲ. ಪ್ರತಿ ಪ್ರೋಗ್ರಾಮಿಗೂ ಮುಂಚೆ ನಾನು ವಾಂತಿ ಮಾಡ್ಕೋತೀನಿ. ಇವತ್ತೂ ಮಾಡ್ಕೊಂಡೆ. ಭಯ ಹೋಗ್ಲಿ ಅಂತ ಕಾದಿದ್ರೆ ನಾನಿನ್ನೂ ಮನೇಲಿರ್ತಿದ್ದೆ” ಅಂದರು. ಆ ದಿನವೆಲ್ಲ ಅವರು ಹೇಳಿದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಮಾತು. ಆದರೆ ಅವತ್ತು ಅದನ್ನು ಒಳಗೆ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಭೆಯಲ್ಲಿದ್ದ ಯಾರೋ ಮೊಬೈಲಿನಲ್ಲಿ ವಿಡಿಯೋ ತೆಗೆದು ಹಂಚಿದ್ದರು. ಸೋಮವಾರ ನಾನು ತರಗತಿಗೆ ಹೋದಾಗ ಹುಡುಗರು ತಾಳ ಹಾಕಿ ಚಪ್ಪಾಳೆ ಹೊಡೆದರು. ನನಗೆ ಕೂಡಲೇ ಅರ್ಥವಾಯಿತು. ಹಾಜರಿ ತೆಗೆದುಕೊಳ್ಳದೆ ಬೋರ್ಡಿನ ಕಡೆ ತಿರುಗಿ ಬರೆಯಲು ಶುರುಮಾಡಿದೆ. ಚಪ್ಪಾಳೆ ನಿಲ್ಲಲಿಲ್ಲ.

ವಾರ ಕಳೆಯುವುದರೊಳಗೆ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯ ಮನುಷ್ಯ, ಮುಖ ಕೊಟ್ಟು ಮಾತಾಡಲು ಅವರಿಗೆ ಆಗಲಿಲ್ಲ. “ನೋಡಿ, ಪೋಷಕರು ಬಂದ್ ಕೇಳ್ತಾವ್ರೆ. ಒಂದಷ್ಟು ದಿನ ಆಫೀಸಲ್ಲಿ ಇರಿ. ಸಂಬಳಕ್ಕೇನೂ ತೊಂದ್ರೆ ಇಲ್ಲ. ಕ್ಲಾಸಿಗೆ ಬೇರೆಯವರು ಬತ್ತಾರೆ” ಅಂದರು. ನಾನು ‘ಆಗಲಿ’ ಅಂದೆ. ಆ ಪದ ಮಾತ್ರ ಎಂದೂ ತಡೆಯಿಲ್ಲದೆ ಬರುತ್ತಿತ್ತು.

ಅವತ್ತು ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗದೆ ಸಂಗಮದ ಕಡೆ ನಡೆದೆ. ಎರಡು ನದಿ ಸೇರುವ ಜಾಗದ ಮೆಟ್ಟಿಲ ಮೇಲೆ ಕೂತೆ. ಯಾರೋ ಪಿಂಡ ಬಿಡುತ್ತಿದ್ದರು, ಪುರೋಹಿತರು ಮಂತ್ರವನ್ನು ಸರಸರನೆ ಹೇಳುತ್ತಿದ್ದರು. ಮನೆಯಲ್ಲಿ ಮಾತಾಡುವ ಹಾಗಿಲ್ಲ, ತರಗತಿಯಲ್ಲಿ ಮಾತಾಡುವ ಹಾಗಿಲ್ಲ, ಇನ್ನು ಈ ಬಾಯಿ ಇದ್ದು ಏನು ಮಾಡಬೇಕು ಅನ್ನಿಸಿತು. ನಾನಿಲ್ಲದಿದ್ದರೆ ಮಗಳಿಗೆ ವಾಸಿಯಾದೀತು ಎಂಬ ಯೋಚನೆಯೂ ಬಂತು. ಬಂದದ್ದೇ ಹೆದರಿಕೆಯಾಗಿ ಎದ್ದು ನಿಂತೆ. ಆ ನೀರಿನ ಹತ್ತಿರ ಇನ್ನು ಕೂರಬಾರದು ಎಂದು ಬೇಗ ಬೇಗ ಮೆಟ್ಟಿಲು ಹತ್ತಿದೆ. ಇದನ್ನು ಹೆಂಡತಿಗೆ ಹೇಳಲು ಬಹಳ ಕಾಲ ಹಿಡಿಯಿತು.

ಆಫೀಸಿನ ಕೆಲಸವೆಂದರೆ ಅಲ್ಲಿ ಇಲ್ಲಿ ಓಡಾಡುವುದು. ಕಾಲೇಜಿನ ಆಟದ ಮೈದಾನದ ಜಾಗದ ಮೇಲೆ ಒಂದು ಕೇಸಿತ್ತು. ಅದರ ಫೈಲನ್ನು ವಕೀಲರಿಗೆ ಕೊಟ್ಟು ಬರಲು ನನ್ನನ್ನು ಕಳಿಸಿದರು. ಆ ವಕೀಲೆಯ ಹೆಸರು ನಾನು ಕೇಳಿದ್ದೆ. ಜಮೀನಿನ ವ್ಯಾಜ್ಯಗಳಲ್ಲಿ ಅವರದು ದೊಡ್ಡ ಹೆಸರು, ಕೊಳ್ಳೇಗಾಲ, ಚಾಮರಾಜನಗರದಿಂದೆಲ್ಲ ಜನ ಬರುತ್ತಾರೆ, ಅವರು ವಕಾಲತ್ತು ಹಾಕಿದರೆಂದರೆ ಎದುರು ಪಾರ್ಟಿ ರಾಜಿಗೆ ಬರುತ್ತದೆ ಎಂದೆಲ್ಲ. ನೋಡಿರಲಿಲ್ಲ.

ಕಚೇರಿಯಲ್ಲಿ ಬೆಂಚುಗಳು ತುಂಬಿದ್ದವು. ಒಳಗೆ ಮೇಜಿನ ಮೇಲೆ ಕಾನೂನು ಪುಸ್ತಕಗಳ ನಡುವೆ ಒಂದು ಪುಟ್ಟ ಬುದ್ಧನ ಮೂರ್ತಿ. ಐವತ್ತು ದಾಟಿದ ಹೆಂಗಸು, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಕೂದಲು, ಕನ್ನಡಕದ ಮೇಲಿನಿಂದ ನೋಡುವ ಕಣ್ಣು.

“ಕಾ... ಕಾ... ಕಾಲೇಜಿಂದ ಫೈಲು” ಅಂದೆ.

ಅವರು ನನ್ನನ್ನೇ ನೋಡುತ್ತ, “ಕೂ... ಕೂ... ಕೂ... ಕೂತ್ಕೊಳ್ಳಿ” ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹುಡುಗರು ಅಣಕಿಸಿದ್ದನ್ನು ತಡೆದುಕೊಂಡಿದ್ದೆ, ಕಂಡಕ್ಟರುಗಳು ನಕ್ಕಿದ್ದನ್ನು ತಡೆದುಕೊಂಡಿದ್ದೆ. ಇಷ್ಟು ದೊಡ್ಡ ವಕೀಲೆ, ಇಷ್ಟು ಜನರ ಎದುರು! ಫೈಲನ್ನು ಮೇಜಿನ ಮೇಲೆ ಕುಕ್ಕಿ ಬಾಗಿಲ ಕಡೆ ತಿರುಗಿದೆ.

“ನಿ... ನಿಲ್ಲಿ. ನಾ... ನಾನು ಅಣಕಿಸ್ತಿಲ್ಲ.”

ಬಾಗಿಲಲ್ಲಿದ್ದ ವಯಸ್ಸಾದ ಗುಮಾಸ್ತ ನಕ್ಕು ನನ್ನ ತೋಳು ಹಿಡಿದ. “ಏನ್ ಸಾ ನೀವು! ನಮ್ ಮೇಡಮ್ಮೋರ ಮಾತೇ ಅಂಗೆ ಕಣಿ. ಓಗಿ, ಕೂತ್ಕಳಿ.”

ನಾನು ಕೂತೆ. ಅವರು ಫೈಲು ಬಿಚ್ಚಿ ಪ್ರಶ್ನೆ ಕೇಳಿದರು. ಕೆಲವು ಪದಗಳಲ್ಲಿ ಸಿಕ್ಕಿಕೊಂಡರು. ಸಿಕ್ಕಿಕೊಂಡಾಗ ಕಣ್ಣು ಕೆಳಗೆ ಹಾಕಲಿಲ್ಲ, ಬೇರೆ ಪದ ಹುಡುಕಲಿಲ್ಲ, ಅವಸರ ಪಡಲೂ ಇಲ್ಲ. ಪದ ಬರುವ ತನಕ ನನ್ನನ್ನು ನೋಡುತ್ತ ಇದ್ದರು, ಬಂದ ಮೇಲೆ ಮುಂದೆ ಹೋದರು. ನಾನು ಬೆವರುತ್ತಿದ್ದೆ, ಅವರಲ್ಲ. ಏಳುವಾಗ, “ನಾಳೆ ಕೋರ್ಟಿಗೆ ಬನ್ನಿ. ಹಿಂದೆ ಕೂತು ನೋಡಿ” ಅಂದರು.

ಮರುದಿನ ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತೆ. ಒಬ್ಬ ವಿಧವೆಯ ತೋಟದ ಕೇಸು. ಬೇರೆ ಊರಿಂದ ಹೊಸದಾಗಿ ಬಂದಿದ್ದ ನ್ಯಾಯಾಧೀಶರ ಎದುರು ಅವರು ಎದ್ದು ನಿಂತು ಮೊದಲು ಹೇಳಿದ್ದು, “ಸ್ವಾಮಿ, ನನಗೆ ತೊ... ತೊದಲು ಇದೆ. ಕೆಲವು ಕಡೆ ತಡ ಆಗುತ್ತೆ. ನ್ಯಾಯಾಲಯ ದಯವಿಟ್ಟು ಕಾಯಬೇಕು.” ನ್ಯಾಯಾಧೀಶರು ತಲೆಯಾಡಿಸಿ ಪೆನ್ನು ಕೆಳಗಿಟ್ಟರು. ಎದುರು ಪಾರ್ಟಿಯ ಕಿರಿಯ ವಕೀಲನೊಬ್ಬ ತುಟಿ ಕಚ್ಚಿ ನಗುತ್ತಿದ್ದ. ವಕೀಲೆ ‘ಭೋಗ್ಯ’ ಎಂಬ ಪದದಲ್ಲಿ ಸಿಕ್ಕಿಕೊಂಡರು. ಎಷ್ಟು ಹೊತ್ತು ಅಂದರೆ ನನಗೆ ಎದ್ದು ಹೋಗಿ ಅವರ ಬದಲು ಹೇಳಿಬಿಡೋಣ ಅನ್ನಿಸಿತು. ಪದ ಬಂತು. ನಗುತ್ತಿದ್ದ ವಕೀಲ ಆಮೇಲೆ ನಗಲಿಲ್ಲ, ಯಾಕೆಂದರೆ ಆ ಪದದ ಹಿಂದೆಯೇ ಅವರು ಇಟ್ಟ ವಾದ ಅವನ ಕಡೆಯ ಕ್ರಯಪತ್ರವನ್ನೇ ಕಿತ್ತುಹಾಕಿತು.

ಹೊರಗೆ ಹೊಂಗೆ ಮರದ ಕೆಳಗೆ ಟೀ ಕುಡಿಯುವಾಗ ನಾನು ಕೇಳಿದೆ, ಆ ಪದದ ಬದಲು ‘ಅಡಮಾನ’ ಅನ್ನಬಹುದಿತ್ತಲ್ಲ ಎಂದು. ಅವರು ಲೋಟ ಕೆಳಗಿಟ್ಟರು.

“ನೀವು ಹಾಗೇ ಮಾಡ್ತೀರ?”

“ಜೀವನ ಪೂರ್ತಿ.”

“ನಾನೂ ಮಾಡ್ತಿದ್ದೆ. ಜೂನಿಯರ್ ಆಗಿದ್ದಾಗ ‘ಭೋಗ್ಯ’ ಬರಲಿಲ್ಲ ಅಂತ ‘ಗುತ್ತಿಗೆ’ ಅಂದ್ಬಿಟ್ಟೆ. ಎರಡೂ ಒಂದೇನಾ? ಭೋಗ್ಯ ಅಂದ್ರೆ ಸಾಲ ತೀರಿಸಿದ್ರೆ ಜಮೀನು ವಾಪಸ್ ಬರುತ್ತೆ, ಗುತ್ತಿಗೆ ಹಾಗಲ್ಲ. ಎದುರು ವಕೀಲರು ನನ್ನ ಮಾತನ್ನೇ ಹಿಡ್ಕೊಂಡ್ರು. ಪಾಪದ ರೈತನ ಜಮೀನು ಹೋಗೋದ್ರಲ್ಲಿತ್ತು. ನನ್ನ ಸೀನಿಯರ್ ಎದ್ದು ಸರಿ ಮಾಡಿದ್ರು. ಅವತ್ತಿಂದ ನಾನು ಪ... ಪದ ಬದಲಾಯಿಸಿಲ್ಲ. ನೀವೂ ಪದ ಬದಲಾಯಿಸಬೇಡಿ. ಬರೋ ತನಕ ನಿಂತ್ಕೊಳ್ಳಿ.”

ನನಗೆ ಒಬ್ಬ ವಿದ್ಯಾರ್ಥಿನಿ ನೆನಪಾದಳು. ‘ಬಡ್ಡಿ’ ಅನ್ನಲಾಗದೆ ನಾನು ‘ಲಾಭ’ ಎಂದು ಪಾಠ ಮಾಡಿದ್ದೆ, ಅವಳು ಪರೀಕ್ಷೆಯಲ್ಲಿ ಹಾಗೇ ಬರೆದಿದ್ದಳು. ಮಕ್ಕಳಿಗೆ ನನ್ನ ಪಾಠ ಅರ್ಥವಾಗದೆ ಇದ್ದದ್ದು ತೊದಲಿನಿಂದಲ್ಲ, ತೊದಲನ್ನು ಮುಚ್ಚಲು ನಾನು ಮಾಡುತ್ತಿದ್ದ ಸರ್ಕಸ್ಸಿನಿಂದ ಎಂದು ಅಲ್ಲೇ ಹೊಳೆಯಿತು.

“ಜನ ಕಾಯದೆ ಇದ್ರೆ?” ಎಂದು ಕೇಳಿದೆ.

“ಕಾಯಿರಿ ಅಂತ ಹೇಳಬೇಕು. ಎಲ್ಲರ ಟೈಮಲ್ಲೂ ನಮಗೊಂದು ಪಾಲಿದೆ. ನಮ್ಮಪ್ಪ ಕೂಲಿ ಮಾಡ್ತಿದ್ದೋರು. ಊರಲ್ಲಿ ಯಾರ ಮುಂದೆನೂ ನಿಂತು ಮಾತಾಡಿದ್ದಿಲ್ಲ, ನಾಲಗೆ ನೆಟ್ಟಗಿದ್ರೂನೂ. ನಾನು ತೊದಲ್ತಾ ತೊದಲ್ತಾನೆ ಮಾತಾಡ್ತೀನಿ.” ಲೋಟ ಎತ್ತಿಕೊಂಡು, “ಇನ್ನೊಂದು. ನಾಳೆ ಹೇಗೆ ಮಾತಾಡ್ತೀನೋ ಅಂತ ಹಿಂದಿನ ದಿನ ಯೋಚನೆ ಮಾಡೋದು ಬಿಟ್ಟಿದ್ದೀನಿ. ಆ ಹೊತ್ತಿನಲ್ಲಿ ಕೇಸು ಓದ್ತೀನಿ. ನಾಲಗೆ ನನ್ನ ಕೈಲಿಲ್ಲ, ಕೇಸು ಇದೆ” ಅಂದರು.

ನಾನು ಆಸೆಯಿಂದ ಕೇಳಿದೆ, “ಹೆಸರು, ಗೌರವ ಎಲ್ಲ ಬಂದ ಮೇಲೆ ಕಡಿಮೆ ಆಯ್ತಾ?”

“ಇಲ್ಲ.” ಒಂದೇ ಮಾತು. ಆಮೇಲೆ ಕೋರ್ಟಿನ ಗೋಡೆ ನೋಡುತ್ತ, “ಅವ್ವ ತೀರ್ಕೊಂಡಾಗ ಅಣ್ಣನಿಗೆ ಫೋನ್ ಮಾಡಿದೆ. ‘ಅವ್ವ’ ಅನ್ನೋ ಪದ ಬರ್ಲೇ ಇಲ್ಲ. ನೆಟ್‌ವರ್ಕ್ ಇಲ್ಲ ಅಂದ್ಕೊಂಡು ಅವನು ಕಟ್ ಮಾಡ್ದ. ಮತ್ತೆ ಮಾಡಿದೆ, ಮತ್ತೆ ಕಟ್ ಮಾಡ್ದ. ಕೊನೆಗೆ ಪಕ್ಕದ ಮನೆಯವರು ಹೇಳಿದ್ರು.”

ಗೆದ್ದವರೊಬ್ಬರ ಬಾಯಿಂದ ನಾನು ಕೇಳಲು ಬಂದದ್ದು ಅದಾಗಿರಲಿಲ್ಲ. ಎಲ್ಲ ಸರಿಹೋಗುತ್ತದೆ ಎಂಬ ಒಂದು ಭರವಸೆಗಾಗಿ ಬಂದಿದ್ದೆ. ಆದರೂ ಮಗಳ ವಿಷಯ ಹೇಳಿಬಿಟ್ಟೆ. ಅತ್ತೆ ಹೇಳಿದ್ದು, ನಾನು ಮೂಗನಾದದ್ದು, ಕೆನ್ನೆಗೆ ಎಣ್ಣೆ ಹಚ್ಚಿದ್ದು, ಎಲ್ಲ. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಅವರು ಒಂದು ಪದವನ್ನೂ ನನಗಾಗಿ ಪೂರ್ತಿ ಮಾಡಿಕೊಡಲಿಲ್ಲ.

ಅವರ ಮುಖ ಕೆಂಪಾಯಿತು. “ಆ ಮಗುಗೆ ನೀವು ಏನು ಕಲಿಸ್ತಿದ್ದೀರ ಗೊತ್ತಾ? ಹೀ... ಹೀಗೆ ಮಾತಾಡೋರು ಬಾಯಿ ಮುಚ್ಕೊಂಡಿರಬೇಕು ಅಂತ. ತೊದಲು ಬಂದ್ರೆ ಬರ್ಲಿ. ಇದನ್ನ ಕಲಿಸ್ಬೇಡಿ.” ಕರಿ ಕೋಟು ತೋಳಿಗೆ ಹಾಕಿಕೊಂಡು ಎದ್ದರು. “ಮೈಸೂರಿಗೆ ಕರ್ಕೊಂಡ್ಹೋಗಿ ತೋರಿಸಿ. ಇವತ್ತೇ ಹೆಂಡತಿಗೆ ಹೇಳಿ.”

ಮೈಸೂರಿನ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೀಡುವ ಯುವತಿ ಮಗಳ ಜೊತೆ ನೆಲದ ಮೇಲೆ ಕೂತು ಆಟವಾಡಿದಳು. ಆಮೇಲೆ ನಮ್ಮನ್ನು ಕರೆದಳು. ನಾನು ಕೇಳಿದೆ, “ನ... ನ... ನನ್ನಿಂದ ಬಂತಾ?”

“ನಿಮ್ಮನ್ನ ನೋಡಿ ಕಲಿತದ್ದಲ್ಲ ಸರ್. ಮನೆತನದಲ್ಲಿ ಬರೋದುಂಟು. ಅದು ನಿಮ್ಮ ತಪ್ಪು ಹೇಗಾಗುತ್ತೆ?”

“ಹೋಗುತ್ತಾ?” ಎಂದು ಹೆಂಡತಿ ಕೇಳಿದಳು.

“ಬಹಳ ಮಕ್ಕಳಿಗೆ ಹೋಗುತ್ತೆ. ಇವಳಿಗೆ ಹೋಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಮನೆಯಲ್ಲಿ ನಿಧಾನವಾಗಿ ಮಾತಾಡಿ. ಅವಳು ಮುಗಿಸೋ ತನಕ ಕಾಯಿರಿ. ವಾರಕ್ಕೊಮ್ಮೆ ಬನ್ನಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. “ನಾನೂ ನಿಮ್ಮಿಂದಲೇ ಅಂದ್ಕೊಂಡಿದ್ದೆ” ಅಂದಳು. ಗೊತ್ತಿತ್ತು ಅಂದೆ.

ಆ ಸಂಜೆ ಮಗಳು ಜಗಲಿಯ ಮೇಲೆ ಬಾಳೆಹಣ್ಣು ಸುಲಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, “ನ... ನ... ನನಗೊಂದು ತುಂಡು ಕೊಡು” ಅಂದೆ. ಅವಳು ಬೆಚ್ಚಿ ನನ್ನನ್ನು ನೋಡಿದಳು. ‘ಹಣ್ಣು’ ಅನ್ನದೆ ತಪ್ಪಿಸಿಕೊಂಡೆ ಎಂಬುದು ನನಗೆ ಆಮೇಲೆ ಹೊಳೆದು, “ಹ... ಹ... ಹಣ್ಣು ಕೊಡು” ಎಂದು ಸೇರಿಸಿದೆ. ಅವಳು ಹಣ್ಣನ್ನು ಹಿಂದೆ ಬಚ್ಚಿಟ್ಟುಕೊಂಡು, “ಬಾಯಿ ನೋವು ವಾಸಿ ಆಯ್ತಾ? ಕೊಡಲ್ಲ, ಇದು ನಂದು” ಅಂದಳು. ನಾನು ನಗಲು ಹೋಗಿ ಬಿಕ್ಕಿದೆ. ಅವಳು ಹೆದರಿ ಪೂರ್ತಿ ಹಣ್ಣು ಕೈಗಿಟ್ಟಳು. ಆ ದಿನ ನಮ್ಮಲ್ಲಿಗೆ ಬಂದಿದ್ದ ಅತ್ತೆ ಒಳಗಿನಿಂದ, “ಮತ್ತೆ ಸುರು ಮಾಡ್ಕಂಡ್ರಲ್ಲಪ್ಪ!” ಎಂದು ಗೊಣಗಿದರು. ಅವರಿಗೆ ಇವತ್ತಿಗೂ ಆ ಆಸ್ಪತ್ರೆಯ ಮಾತಿನ ಮೇಲೆ ನಂಬಿಕೆಯಿಲ್ಲ.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮುಂದೆ ನಿಂತು ತರಗತಿ ವಾಪಸ್ ಕೇಳಿದೆ. ಈ ವರ್ಷ ಬೇಡ ಅಂದರು. ಮುಂದಿನ ವರ್ಷ ಮತ್ತೆ ಕೇಳಿದೆ. ಹೊಸದಾಗಿ ಬಂದಿದ್ದ ಉಪನ್ಯಾಸಕ ನಡುವೆಯೇ ಬಿಟ್ಟುಹೋದದ್ದರಿಂದ, ಮನಸ್ಸಿಲ್ಲದ ಮನಸ್ಸಿನಿಂದ ಒಂದು ಸೆಕ್ಷನ್ ಕೊಟ್ಟರು. ಆ ದಿನ ಬೆಳಿಗ್ಗೆ ನನಗೆ ವಾಂತಿಯಾಯಿತು. ಬಿಳಿ ಕೋಟಿನ ತರಬೇತುದಾರರು ನೆನಪಾಗಿ, ಬಾಯಿ ತೊಳೆದುಕೊಂಡು ಒಳಗೆ ಹೋದೆ. “ನನಗೆ ತೊದಲು ಇದೆ. ನೀವು ಕಾಯಬೇಕಾಗುತ್ತೆ” ಎಂದು ಹೇಳಿದೆ. ಆ ಎರಡು ವಾಕ್ಯ ಹೇಳಲು ತೆಗೆದುಕೊಂಡ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು, ಮುಂದಿನವರು ತಲೆ ತಗ್ಗಿಸಿದರು. ‘ಬಡ್ಡಿ’ ಪದಕ್ಕೆ ನಿಂತೆ. ಬಹಳ ಹೊತ್ತು ನಿಂತೆ. ಮಕ್ಕಳು ಆಮೇಲೆ ನನ್ನನ್ನು ಹೊತ್ತು ಮೆರೆಸಲಿಲ್ಲ. ಕೆಲವರು ಕಾಯಲು ಕಲಿತರು, ಕೆಲವರು ಇನ್ನೂ ಅಣಕಿಸುತ್ತಾರೆ. ಉತ್ತರ ಪತ್ರಿಕೆಯಲ್ಲಿ ಬಡ್ಡಿಗೆ ಲಾಭ ಎಂದು ಬರೆಯುವವರು ಈಗಿಲ್ಲ, ಅಷ್ಟೇ.

ಮಗಳು ಈಗ ಒಂದನೇ ಕ್ಲಾಸು. ತೊದಲು ಹೋಗಿಲ್ಲ. ಕೆಲವು ತಿಂಗಳು ಕಡಿಮೆಯಾಗುತ್ತದೆ, ನಾವು ಗಂಡ ಹೆಂಡತಿ ಬಾಯಿ ಬಿಟ್ಟು ಹೇಳದೆ ಒಳಗೊಳಗೇ ಹಿಗ್ಗುತ್ತೇವೆ. ಮತ್ತೆ ಬರುತ್ತದೆ.

ಹೋದ ತಿಂಗಳು ಪೋಷಕರ ಸಭೆಗೆ ಕರೆದಿದ್ದರು, ಮಗಳೂ ಜೊತೆಗಿದ್ದಳು. ಅವಳ ಟೀಚರ್ ಚಿಕ್ಕ ವಯಸ್ಸಿನವರು, ತುಂಬ ಅಕ್ಕರೆಯವರು. “ಹಾಜರಿ ಕರೆಯುವಾಗ ಪಾಪ ಅವಳಿಗೆ ಕಷ್ಟ ಆಗುತ್ತೆ ಸರ್. ಅದಕ್ಕೆ ಬರೀ ಕೈಯೆತ್ತು ಸಾಕು ಅಂದಿದ್ದೀನಿ. ಪದ್ಯ ಹೇಳೋದಕ್ಕೂ ಬಿಟ್ಟಿದ್ದೀನಿ” ಅಂದರು. ಹೆಂಡತಿ ಕೃತಜ್ಞತೆಯಿಂದ ಕೈ ಮುಗಿದಳು.

“ಬೇ... ಬೇ... ಬೇಡ” ಅಂದೆ. “ಅವಳು ಹೇಳಲಿ. ಪದ್ಯಾನೂ ಹೇಳಲಿ. ನೀವು ಕಾಯಿರಿ. ನಗೋ ಮಕ್ಕಳಿಗೂ ಕಾಯೋದನ್ನ ಹೇಳಿಕೊಡಿ.”

ಟೀಚರ್ ಆಗಲಿ ಸರ್ ಅಂದರು. ಅವರಿಗೆ ನನ್ನ ಮಾತು ಕ್ರೂರವೆನಿಸಿತೋ ಏನೋ.

ಮನೆಗೆ ನಡೆದು ಬರುವಾಗ ಮಗಳು ನನ್ನ ಕೈ ಹಿಡಿಯಲಿಲ್ಲ. ರೈಲ್ವೆ ಗೇಟು ಹಾಕಿತ್ತು, ನಿಂತೆವು. ಅವಳು ಮುಖ ಊದಿಸಿಕೊಂಡು, “ಯಾ... ಯಾ... ಯಾಕೆ ಹಂಗಂದೆ? ಕೈಯೆತ್ತೋದು ಎಷ್ಟು ಸುಲಭ ಇತ್ತು” ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೇಳಲು ನನ್ನ ಹತ್ತಿರ ಇದ್ದದ್ದೆಲ್ಲ ದೊಡ್ಡವರಿಗೆ ಅರ್ಥವಾಗುವ ಮಾತುಗಳು. ಸುಲಭ ಇತ್ತು, ನಿಜ ಅಂದೆ. ನಾಳೆ ಬೆಳಿಗ್ಗೆ ನಿನ್ನ ಜೊತೆ ಶಾಲೆಯ ಗೇಟಿನ ತನಕ ಬರುತ್ತೇನೆ ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಹೆಂಡತಿ ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡಳು. ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಗೇಟು ತೆರೆಯಿತು, ಮಗಳು ನಮಗಿಂತ ಮುಂದೆ ನಡೆದಳು.